ಒಂದಕ್ಷರದ ಅಂತರ



ರಾಯಬಾಗ ತಾಲ್ಲೂಕಿನ ಚಿಂಚಲಿ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಮಾಯಕ್ಕದೇವಿಯ ಜಾತ್ರೆಗೆ ಹೆಸರಾದ ಊರು. ಆ ಊರಿನ ವಿದ್ಯಾರ್ಥಿಯೊಬ್ಬ, ತನ್ನೂರ ಹೆಸರಿಗೆ ಹತ್ತಿರವಾದ ಪದ ಇಂಗ್ಲಿಷಿನಲ್ಲಿದೆಯೇ ಎಂದು ನಿಘಂಟು ತೆರೆದನೆಂದುಕೊಳ್ಳೋಣ. ಅವನಿಗೆ ಸಿಗುವ ಪದ ‘ಚಿಂಚ್’. ಅರ್ಥವೇನು? ತಿಗಣೆ! ಗೆಳೆಯರು ನಕ್ಕಾರು, ಅವನ ಮುಖ ಸಪ್ಪಗಾದೀತು. ಆದರೆ ನಗುವ ಮೊದಲು ಸ್ವಲ್ಪ ವಿಚಾರ ಮಾಡೋಣ.

ಈ ‘ಚಿಂಚ್’ ಇಂಗ್ಲಿಷಿಗೆ ಬಂದದ್ದು ಸ್ಪ್ಯಾನಿಷ್ ಭಾಷೆಯಿಂದ. ಅದರ ಮೂಲ ಲ್ಯಾಟಿನ್. ಅಮೆರಿಕದಲ್ಲಿ ಗೋಧಿ, ಮೆಕ್ಕೆಜೋಳಗಳ ರಸ ಹೀರುವ ಒಂದು ಕೀಟಕ್ಕೂ ಇದೇ ಹೆಸರು. ಇನ್ನು ಜಾತ್ರೆಗೆ ಬರುವ ಮರಾಠಿ ಭಕ್ತರನ್ನು ಕೇಳಿ. ‘ಚಿಂಚ’ ಎಂದರೆ ಅವರಿಗೆ ಹುಣಸೆ. ಸಂಸ್ಕೃತದಲ್ಲೂ ‘ಚಿಂಚಾ’ ಎಂದರೆ ಹುಣಸೆಯೇ. ಧ್ವನಿ ಒಂದೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಕಿವಿಗೆ ಒಂದೇ ಆಗಿ ಕೇಳಿಸಿದ ಮಾತ್ರಕ್ಕೆ ಎರಡು ಪದಗಳು ನೆಂಟರಾಗುವುದಿಲ್ಲ.

ಅದೇ ಪದದ ಮೊದಲಿನ ಎಚ್ ಅಕ್ಷರ ತೆಗೆಯಿರಿ. ಅದು ‘ಸಿಂಚ್’ ಆಗುತ್ತದೆ. ಇದೂ ಸ್ಪ್ಯಾನಿಷಿನಿಂದ ಬಂದದ್ದೇ, ಆದರೆ ಮೂಲ ಬೇರೆ. ತಡಿ ಜಾರದಂತೆ ಕುದುರೆಯ ಹೊಟ್ಟೆಗೆ ಬಿಗಿಯುವ ಪಟ್ಟಿ ಇದರ ಅರ್ಥ. ಬಿಗಿದ ಮೇಲೆ ಜಾರುವ ಭಯವಿಲ್ಲವಲ್ಲ? ಹಾಗಾಗಿ ‘ಖಚಿತವಾದದ್ದು’, ‘ಸುಲಭವಾದ ಕೆಲಸ’ ಎಂಬ ಅರ್ಥಗಳೂ ಬಂದವು. ಪರೀಕ್ಷೆ ಸಿಂಚ್ ಆಗಿತ್ತು ಎಂಬ ವಾಕ್ಯವನ್ನು ಅವಸರದಲ್ಲಿ ಓದಿದರೆ, ಸುಲಭವಾದ ಪರೀಕ್ಷೆ ತಿಗಣೆಯಾಗಿಬಿಡುತ್ತದೆ!

ಮೂರನೆಯದು ‘ಚಿಂಟ್ಸ್’. ಇದು ನಮ್ಮ ನಾಡಿನಿಂದಲೇ ಹೋದದ್ದು. ಹೂಬಳ್ಳಿ ಅಚ್ಚೊತ್ತಿದ ಹತ್ತಿಬಟ್ಟೆಗೆ ಹಿಂದಿಯಲ್ಲಿ ‘ಛೀಂಟ್’, ಕನ್ನಡದಲ್ಲಿ ‘ಚೀಟಿ’ ಎನ್ನುತ್ತಾರೆ. ಇಂಗ್ಲಿಷರು ಬಹುವಚನಕ್ಕೆ ಸೇರಿಸಿದ ಎಸ್ ಅಕ್ಷರ ಮುಂದೆ ಜೆಡ್ ಆಗಿ, ಪದಕ್ಕೇ ಅಂಟಿಕೊಂಡಿತು. ಈ ಬಟ್ಟೆಗೆ ಅಲ್ಲಿ ಎಷ್ಟು ಬೇಡಿಕೆ ಬಂತೆಂದರೆ, ಅಲ್ಲಿನ ನೇಯ್ಗೆಯವರ ಹಿತಕ್ಕಾಗಿ 1700 ಮತ್ತು 1721ರಲ್ಲಿ ನಿರ್ಬಂಧದ ಕಾನೂನುಗಳೇ ಬಂದವು.

ದೊಡ್ಡ ಪಂಡಿತರೂ ಅಕ್ಷರ ಬಿಟ್ಟದ್ದುಂಟು. ಮಲೇರಿಯಾಕ್ಕೆ ಮದ್ದಾದ ಕ್ವಿನೀನ್ ಕೊಡುವ ಮರಕ್ಕೆ ಸ್ಪೇನಿನ ಚಿಂಚೋನ್ ಊರಿನ ಕೌಂಟೆಸ್ ಒಬ್ಬಳ ನೆನಪಿಗೆ ಲಿನೇಯಸ್ ಹೆಸರಿಟ್ಟ. ಆದರೆ ಮೊದಲಿನ ಎಚ್ ಬಿಟ್ಟುಹೋಯಿತು. ‘ಚಿಂಚೋನ’ ಆಗಬೇಕಾದದ್ದು ‘ಸಿಂಕೋನ’ ಆಗಿ, ಇಂದಿಗೂ ಹಾಗೆಯೇ ಉಳಿದಿದೆ.

ಆದ್ದರಿಂದ ಮಿತ್ರರೇ, ಹೊಸ ಪದ ಕಂಡಾಗ ಮೂರು ಕೆಲಸ ಮಾಡಿ. ಕಾಗುಣಿತವನ್ನು ಕೊನೆಯ ಅಕ್ಷರದವರೆಗೂ ನೋಡಿ. ಅದು ಬಂದಿರುವ ವಾಕ್ಯವನ್ನು ಪೂರ್ತಿ ಓದಿ. ನಿಘಂಟಿನಲ್ಲಿ ಅರ್ಥದ ಜೊತೆಗೆ ಮೂಲವನ್ನೂ ಗಮನಿಸಿ. ನಿಘಂಟು ಕಪಾಟಿನಲ್ಲಿರಲಿ, ಮೊಬೈಲಿನಲ್ಲಿರಲಿ, ಕ್ರಮ ಒಂದೇ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಪದಗಳೆಂದರೆ ಅಳುಕು ಸಹಜ. ಆದರೆ ಗಡಿನಾಡಿನ ಮಕ್ಕಳಿಗೆ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಕೇಳುವ ನಿಮಗೆ ಪದಗಳನ್ನು ಹೋಲಿಸಿ ನೋಡುವುದು ಹೊಸದಲ್ಲ. ಚಿಂಚಲಿಯ ಆ ಹುಡುಗ ನಾಚಬೇಕಾಗಿಲ್ಲ. ನಕ್ಕ ಗೆಳೆಯರಿಗೆ ಅವನೇ ಈ ಪಾಠ ಹೇಳಬಹುದು.