ತಂಗಿಯ ಕಾರ್ಡು ತೆಗೆದು ಓದಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಭೂಮಿ, ಮೀಸಲಾತಿ, ಸ್ಕಾಲರ್‌ಶಿಪ್ಪು ಅಂತ ಮಾತಾಡೋ ಸಭೇಲಿ ಇವನ್ಯಾಕೆ ಸೂಜಿ ಮಾತು ತಂದ ಅಂತ ಕೆಲವರು ನಗಬಹುದು. ನಗಿ. ಆದರೆ ಈ ಸಲ ರಜಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಗೋಡೆಗೂಡಿನಲ್ಲೋ ಟ್ರಂಕಿನ ತಳದಲ್ಲೋ ಬಿದ್ದಿರುವ ತಾಯಿ ಕಾರ್ಡನ್ನು ಈಚೆ ತೆಗೆಯಿರಿ. ನಿಮ್ಮ ತಂಗಿಗೆ, ಅಕ್ಕನ ಮಗಳಿಗೆ ಯಾವ ಯಾವ ಚುಚ್ಚುಮದ್ದು ಆಗಿದೆ, ಯಾವುದು ಬಿಟ್ಟಿದೆ ಅಂತ ಓದಿ. ನಮ್ಮ ಎಷ್ಟೋ ಮನೆಗಳಲ್ಲಿ ಅದನ್ನು ಓದಬಲ್ಲವರು ನೀವೊಬ್ಬರೇ.

ಕೂಸು ಹುಟ್ಟಿದ ವರ್ಷ ಆಶಾ ಕಾರ್ಯಕರ್ತೆ ಬಂದು ಬಂದು ಕರೀತಾಳೆ, ಖಾನೆಗಳು ತುಂಬುತ್ತವೆ. ಖಾಲಿ ಬೀಳುವುದು ಆಮೇಲಿನವು. 16ರಿಂದ 24 ತಿಂಗಳೊಳಗೆ ಡಿಪಿಟಿಯ ಮೊದಲ ಬೂಸ್ಟರ್, ಜೊತೆಗೆ ದಡಾರ-ರುಬೆಲ್ಲಾದ ಎರಡನೇ ಡೋಸು. 5-6 ವರ್ಷಕ್ಕೆ ಡಿಪಿಟಿಯ ಎರಡನೇ ಬೂಸ್ಟರ್. 10ನೇ ವರ್ಷಕ್ಕೊಂದು, 16ನೇ ವರ್ಷಕ್ಕೊಂದು ಟಿಡಿ. ಇವೆಲ್ಲ ಸರ್ಕಾರದ್ದೇ ಪಟ್ಟಿಯಲ್ಲಿರುವಂಥವು, ಕಾಸು ಕೊಡಬೇಕಾಗಿಲ್ಲ.

ಹಾಗಾದರೆ ಯಾಕೆ ಬಿಟ್ಟು ಹೋಗುತ್ತವೆ? ಅವ್ವನನ್ನು ಕೇಳಿ ನೋಡಿ. "ಆಡ್ಕೊಂಡಿರೋ ಕೂಸಿಗೆ ಸೂಜಿ ಹಾಕ್ಸಿ ಜ್ವರ ಯಾಕಪ್ಪ ತರಿಸ್ಕೊಬೇಕು? ನಾಳೆ ಕೂಲಿಗೆ ನಿಮ್ಮಪ್ಪ ಒಬ್ನೇ ಹೋದ್ರೆ ಆಯ್ತದಾ?" ಅಂತಾಳೆ. ಇದನ್ನು ಮೌಢ್ಯ ಅಂತ ಕರೆಯಬೇಡಿ. ಇದು ಲೆಕ್ಕ. ಡಿಪಿಟಿ ಹಾಕಿಸಿದ ದಿನ ಮೈ ಬಿಸಿಯಾಗುತ್ತೆ, ಚುಚ್ಚಿದ ಜಾಗ ಊದಿಕೊಳ್ಳುತ್ತೆ, ಕೂಸು ಅಳುತ್ತೆ. ಒಂದೆರಡು ದಿನದ ಕೂಲಿ ಹೋಗುತ್ತೆ. ಅದರ ಮೇಲೆ ಹೆಣ್ಣು ಅಂದರೆ ಕೊಟ್ಟ ಮನೆಗೆ ಹೋಗೋಳು ಅನ್ನುವ ಲೆಕ್ಕ ಬೇರೆ. ಅವ್ವನ ಲೆಕ್ಕದಲ್ಲಿ ಬಿಟ್ಟು ಹೋಗಿರುವ ಅಂಕಿಗಳನ್ನು ನಾವು ಕೂಡಿಸಿ ತೋರಿಸಬೇಕು.

ಏನು ಆ ಅಂಕಿ? ಮೈ ಕೂಡ ಪಾಠ ಮರೆಯುತ್ತೆ. ಕೂಸಾಗಿದ್ದಾಗ ಹಾಕಿಸಿದ ಮೂರು ಡೋಸಿನ ಶಕ್ತಿ ವರ್ಷ ಕಳೆದಂತೆ ಇಳಿಯುತ್ತೆ. ಓದಿದ್ದನ್ನು ತಿರುವಿ ಹಾಕದಿದ್ದರೆ ಪರೀಕ್ಷೆಯಲ್ಲಿ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೂಸ್ಟರ್ ಅಂದರೆ ತಿರುವಿ ಹಾಕುವುದು, ಅಷ್ಟೆ. ತಿರುವಿ ಹಾಕದ ಮಗುವಿಗೆ ಗಂಟಲುಮಾರಿ ಬಂದರೆ ಗಂಟಲೊಳಗೆ ಬೂದುಬಣ್ಣದ ಪೊರೆ ಕಟ್ಟಿ ಉಸಿರು ಕಟ್ಟುತ್ತೆ. ಅದರ ವಿಷ ಹೃದಯಕ್ಕೆ ಇಳಿಯುತ್ತೆ. ಆಸ್ಪತ್ರೆಗೆ ಸೇರಿಸಿದರೂ ಹತ್ತು ಜನದಲ್ಲಿ ಸುಮಾರು ಒಬ್ಬರು ಉಳಿಯುವುದಿಲ್ಲ.

ಧನುರ್ವಾಯುವಿನದು ಇನ್ನೊಂದು ಕಥೆ. ದಡಾರ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತೆ, ಊರವರೆಲ್ಲ ಲಸಿಕೆ ಹಾಕಿಸಿಕೊಂಡರೆ ಹಾಕಿಸಿಕೊಳ್ಳದ ಮಗುವಿಗೂ ಸ್ವಲ್ಪ ನೆರಳು ಸಿಗುತ್ತೆ. ಧನುರ್ವಾಯು ಮಣ್ಣಿನಲ್ಲಿರುತ್ತೆ, ಸಗಣಿಯಲ್ಲಿರುತ್ತೆ. ಗೌಡರ ಮಗ, ಶಾನುಭೋಗರ ಮಗ ಹಾಕಿಸಿಕೊಂಡರೆ ಬರಿಗಾಲಲ್ಲಿ ಕಳೆ ಕೀಳುವ ನಿಮ್ಮ ತಂಗಿಗೆ ಅದರಿಂದ ಎಳ್ಳಷ್ಟೂ ಉಪಯೋಗವಿಲ್ಲ. ಅವಳ ತೋಳಿಗೆ ಬಿದ್ದರೇ ಅವಳಿಗೆ ರಕ್ಷಣೆ. ನಾಳೆ ಅವಳು ತಾಯಿಯಾದಾಗ ಆ ರಕ್ಷಣೆ ಹೊಟ್ಟೆಯ ಕೂಸಿಗೂ ದಾಟುತ್ತೆ. ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕೊಯ್ದು ಧನುರ್ವಾಯುವಿಗೆ ಸತ್ತ ಕೂಸುಗಳ ಕಥೆ ಕೇರಿಯ ಮುದುಕಿಯರ ಬಾಯಲ್ಲಿದೆ. ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯು ಭಾರತದಲ್ಲಿ ಹತೋಟಿಗೆ ಬಂದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಮಣ್ಣಿನಿಂದ ಅದು ಹೋಗಿಲ್ಲ, ಹೋಗುವುದೂ ಇಲ್ಲ.

10ರ ಮತ್ತು 16ರ ಸೂಜಿ ಹಾಕಲು ನರ್ಸಮ್ಮ ಶಾಲೆಗೆ ಬರುತ್ತಾಳೆ. ಶಾಲೆ ಬಿಟ್ಟು ಕೂಲಿಗೆ ಹೋಗುವ, ತಮ್ಮನನ್ನು ಎತ್ತಿಕೊಂಡು ಮನೇಲಿರುವ, ಮದುವೆ ಮಾಡಿ ಕಳಿಸಿದ ಹುಡುಗಿಯ ಹೆಸರನ್ನು ಅಲ್ಲಿ ಕೂಗುವವರು ಯಾರು? ಶಾಲೆ ತಪ್ಪಿಸಿದವಳಿಗೆ ಸೂಜಿಯೂ ತಪ್ಪುತ್ತೆ.

ಇನ್ನು ಹೆದರಿಕೆಯ ಮಾತು. ಇದನ್ನು ನಾವು ಮುಚ್ಚಿಡಬಾರದು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ಮೊಬೈಲುಗಳಲ್ಲಿ ಗಾಳಿಸುದ್ದಿ ಹಬ್ಬಿತು. ಅದು ಸುಳ್ಳು. ರುಬೆಲ್ಲಾ ಲಸಿಕೆ ಕಾಪಾಡುವುದೇ ಮುಂದೆ ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯವನ್ನು. ಆದರೆ ಬಡವರಿಗೆ ಇಂಥ ಹೆದರಿಕೆ ಬರಲು ಕಾರಣಗಳಿವೆ. 1975-77ರ ತುರ್ತುಪರಿಸ್ಥಿತಿಯಲ್ಲಿ ಬಡವರನ್ನು ಹಿಡಿದು ಹಿಡಿದು ಆಪರೇಷನ್ ಮಾಡಿಸಿದ ದೇಶ ಇದು.

ಹಾಸ್ಟೆಲಿನವರಾದ ನೀವು ತಿಳಿಯಲೇಬೇಕಾದ ಸಂಗತಿ ಇನ್ನೊಂದಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಅವರಲ್ಲಿ ಎಷ್ಟೋ ಜನ ಹಾಸ್ಟೆಲಿನ ಆದಿವಾಸಿ, ದಲಿತ ಹುಡುಗಿಯರು. ಅಪ್ಪ-ಅವ್ವ ಸಹಿ ಮಾಡಬೇಕಾದ ಒಪ್ಪಿಗೆ ಪತ್ರಕ್ಕೆ ಅನೇಕ ಕಡೆ ವಾರ್ಡನ್, ಹೆಡ್‌ಮಾಸ್ತರರೇ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡ ಸುದ್ದಿ ಬಂದು 2010ರಲ್ಲಿ ಅದನ್ನು ನಿಲ್ಲಿಸಿದರು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂಬುದು ವಿಚಾರಣಾ ಸಮಿತಿಯ ಅಭಿಪ್ರಾಯ. ಒಪ್ಪಿಗೆ ಪಡೆದ ರೀತಿಯನ್ನು ಮಾತ್ರ 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಖಂಡಿಸಿತು. ವಿಶ್ವ ಆರೋಗ್ಯ ಸಂಸ್ಥೆ ಆ ಲಸಿಕೆಯನ್ನು ಇವತ್ತೂ ಶಿಫಾರಸು ಮಾಡುತ್ತೆ. ಒಳ್ಳೆಯ ಮದ್ದನ್ನೂ ನಮ್ಮ ಹುಡುಗಿಯರ ಅಪ್ಪ-ಅವ್ವನನ್ನು ಕೇಳದೆ ಹಾಕಬಹುದು ಅಂತ ಅವರಿಗೆ ಅನ್ನಿಸಿತಲ್ಲ, ನನ್ನ ಸಿಟ್ಟು ಅದರ ಮೇಲೆ.

ಇತಿಹಾಸ ನೋಡಿ. ಈ ದೇಶದಲ್ಲಿ ಮೊದಲು ಸಿಡುಬಿನ ಲಸಿಕೆ ಯಶಸ್ವಿಯಾಗಿ ಆದದ್ದು 1802ರ ಜೂನ್ 14ರಂದು, ಬೊಂಬಾಯಿಯಲ್ಲಿ, ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿಗೆ. ಆ ಕಾಲದಲ್ಲಿ ಒಬ್ಬರ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಚ್ಚುತ್ತಿದ್ದರು. ಕೀಳುಜಾತಿ ಮಗುವಿನ ತೋಳಿನ ರಸ ನಮಗೆ ಬೇಡ ಅಂತ ಮೇಲುಜಾತಿಯವರು ತಕರಾರು ತೆಗೆದರು. ಅದು ಹಳೇ ಕಾಲ ಅನ್ನುತ್ತೀರಾ? 2006ರಲ್ಲಿ ಬಂದ 'ಅನ್‌ಟಚಬಿಲಿಟಿ ಇನ್ ರೂರಲ್ ಇಂಡಿಯಾ' ಪುಸ್ತಕ 11 ರಾಜ್ಯಗಳ 565 ಹಳ್ಳಿಗಳ ಸಮೀಕ್ಷೆ. ಸುಮಾರು ಮೂರರಲ್ಲಿ ಒಂದು ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಕಾಲಿಡುತ್ತಿರಲಿಲ್ಲ ಎನ್ನುತ್ತೆ ಅದು. ಕಾಲಿಡದವರು ಹೇಳಿಕಳಿಸಿದ ಮಾತನ್ನು ಅವ್ವ ಯಾಕೆ ನಂಬಬೇಕು?

ಆದ್ದರಿಂದ ನಾನು ಎರಡು ಮಾತು ಹೇಳುತ್ತೇನೆ, ಎರಡನ್ನೂ ಒಟ್ಟಿಗೆ ಹಿಡಿಯಿರಿ. ಸೂಜಿ ನಮ್ಮ ಹಕ್ಕು. ಪ್ರಶ್ನೆಯೂ ನಮ್ಮ ಹಕ್ಕು. ಅನುಮಾನ ಬಂತು ಅಂತ ಸೂಜಿ ಬಿಟ್ಟರೆ ಸಾಯೋದು ನಮ್ಮ ಕೂಸೇ. ಬಾಬಾಸಾಹೇಬರು ಮತ್ತು ರಮಾಬಾಯಿ ಐದು ಮಕ್ಕಳಲ್ಲಿ ನಾಲ್ವರನ್ನು ಮಣ್ಣಿಗಿಟ್ಟವರು. ಅವರ ಒಬ್ಬಳೇ ಮಗಳು ಇಂದು ಕೂಡ ಅದರಲ್ಲಿ ಸೇರಿದ್ದಳು. ಮಕ್ಕಳನ್ನು ಮಣ್ಣು ಮಾಡೋದು ನಮ್ಮ ಹಣೆಬರಹ ಅಂತ ಯಾರೂ ಇನ್ನು ಹೇಳಕೂಡದು.

ಊರಿಗೆ ಹೋದಾಗ ಎರಡಕ್ಷರ ಕಲಿತ ಜಂಬದಲ್ಲಿ ಅವ್ವನನ್ನು ದಬಾಯಿಸಬೇಡಿ. ತೀರ್ಮಾನ ಅವಳದು, ಅಪ್ಪನದು. ಪಕ್ಕದಲ್ಲಿ ಕೂತು ಕಾರ್ಡು ಓದಿ ಹೇಳಿ. ಅಂಗನವಾಡಿಗೆ ಜೊತೆಯಲ್ಲಿ ಹೋಗಿ. ಇದು ಯಾವ ಲಸಿಕೆ, ಯಾವ ಕಾಯಿಲೆಗೆ, ಹಾಕಿದ ಮೇಲೆ ಏನಾಗಬಹುದು, ಮುಂದಿನದು ಯಾವಾಗ ಅಂತ ನರ್ಸಮ್ಮನನ್ನು ಕೇಳಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಜ್ವರಕ್ಕೆ ಏನು ಕೊಡಬೇಕು ಅಂತ ಕೇಳಿಕೊಂಡೇ ಬನ್ನಿ. ಡೋಸು ತಪ್ಪಿದ್ದರೆ ಎದೆಗುಂದಬೇಡಿ, ಬಿಟ್ಟಲ್ಲಿಂದ ಮುಂದುವರಿಸಬಹುದು. ಏಳು ವರ್ಷ ದಾಟಿದವಳಿಗೆ ಡಿಪಿಟಿ ಬದಲು ಟಿಡಿ ಕೊಡುತ್ತಾರೆ.

ಆಮೇಲೆ ಕೇರಿಯ 10ರ, 16ರ ಹುಡುಗಿಯರ ಪಟ್ಟಿ ಬರೆಯಿರಿ. ಶಾಲೆ ಬಿಟ್ಟವರ ಹೆಸರನ್ನು ಮೊದಲು ಬರೆಯಿರಿ. ಅದನ್ನು ನರ್ಸಮ್ಮನ ಕೈಗೆ ಕೊಟ್ಟು, ನಮ್ಮ ಕೇರಿಗೆ ಯಾವ ದಿನ ಬರ್ತೀರಿ ತಾಯಿ ಅಂತ ದಿನ ಗೊತ್ತುಮಾಡಿಕೊಂಡು ಬನ್ನಿ. ಆ ದಿನ ಅವರಿಗೆ ಕುರ್ಚಿ ಹಾಕಿ, ನೀರು ಕೊಡಿ. ಅವರು ಕುಡಿಯುತ್ತಾರೋ ಇಲ್ಲವೋ ನೋಡಿ, ಅದನ್ನೂ ಬರೆದಿಡಿ.

ಜೈ ಭೀಮ್.