ಆಸ್ಪತ್ರೆಗೂ ಮನೆಗೂ ನಡುವಿನ ಛತ್ರ

(ಶತಮಾನೋತ್ಸವದ ಅಂಗವಾಗಿ ನಡೆದ ರೋಗಿಗಳ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಸಂತ ಲೂಕರ ಶುಭಸಂದೇಶದಲ್ಲಿ ಬರುವ ಸಮಾರಿಯದವನ ಸಾಮತಿಯನ್ನು ನಾವೆಲ್ಲರೂ ಬಾಲ್ಯದಿಂದಲೇ ಬಲ್ಲೆವು. ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ ಆತನನ್ನು ಕೊಂಡಾಡುತ್ತೇವೆ, ಛತ್ರದವನನ್ನು ಮರೆತುಬಿಡುತ್ತೇವೆ. ಎರಡು ಬೆಳ್ಳಿ ನಾಣ್ಯ ಪಡೆದು, ಗಾಯಾಳು ಚೇತರಿಸಿಕೊಳ್ಳುವವರೆಗೆ ನೋಡಿಕೊಳ್ಳಬೇಕಾಗಿದ್ದವನು ಅವನೇ ಅಲ್ಲವೇ?

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಕೊರತೆಯಾಗಿರುವುದು ಆ ಛತ್ರವೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಆದರೂ ನ್ಯಾಮತಿ, ಚನ್ನಗಿರಿಗಳ ಅನೇಕರು ಕಷ್ಟಕಾಲದಲ್ಲಿ ಶಿವಮೊಗ್ಗೆಯ ದಾರಿ ಹಿಡಿಯುತ್ತಾರೆ; ಜಗಳೂರಿನವರು ದಾವಣಗೆರೆಗೆ ಧಾವಿಸುತ್ತಾರೆ. ಅಲ್ಲಿ ಶಸ್ತ್ರಚಿಕಿತ್ಸೆಯಾಗುತ್ತದೆ, ಪ್ರಾಣ ಉಳಿಯುತ್ತದೆ. ಅನಂತರ?

ಸೊಂಟದ ಮೂಳೆ ಮುರಿದ ವೃದ್ಧೆಯೊಬ್ಬರ ಮನೆಗೆ ಅಭ್ಯಂಗ ಸಂಸ್ಕಾರ ನೀಡಲು ಹೋಗಿದ್ದೆವು. ಶಸ್ತ್ರಚಿಕಿತ್ಸೆ ಸಫಲವಾಗಿತ್ತು. ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಹೆಸರಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಸೊಸೆಗೆ ಯಾರೂ ಹೇಳಿರಲಿಲ್ಲ. ಬೆನ್ನಿನ ಹುಣ್ಣು ಮೂಳೆಯವರೆಗೆ ಇಳಿದಿತ್ತು. ಆಕೆಯನ್ನು ಕೊಂದದ್ದು ಮುರಿದ ಮೂಳೆಯಲ್ಲ, ಆ ಹುಣ್ಣು. ಸೊಸೆ ತನ್ನದೇ ತಪ್ಪೆಂದು ಇಂದಿಗೂ ಅಳುತ್ತಾಳೆ.

ಈ ಬಗ್ಗೆ ನಾವು ಪರಿಚಿತ ವೈದ್ಯರನ್ನೂ ದಾದಿಯರನ್ನೂ ವಿಚಾರಿಸಿದೆವು. ಅವರಲ್ಲಿ ಏಕಾಭಿಪ್ರಾಯವಿಲ್ಲ. ದೊಡ್ಡ ಆಸ್ಪತ್ರೆಯ ವೈದ್ಯರು, ತುರ್ತು ರೋಗಿಗಳು ಕಾದಿರುವಾಗ ಚೇತರಿಕೆಗಾಗಿ ಹಾಸಿಗೆಯನ್ನು ವಾರಗಟ್ಟಲೆ ಹಿಡಿದಿಡಲಾಗದು, ತಾಲ್ಲೂಕು ಆಸ್ಪತ್ರೆಯೇ ಅವರನ್ನು ಕರೆದುಕೊಳ್ಳಲಿ ಎನ್ನುತ್ತಾರೆ. ತಾಲ್ಲೂಕಿನ ವೈದ್ಯರ ಅಳುಕು ಬೇರೆ: "ಒಮ್ಮೆ ಸೇರಿಸಿದ ಮುದುಕರನ್ನು ಮಕ್ಕಳು ಮರಳಿ ಕರೆದೊಯ್ಯದಿದ್ದರೆ?" ಈ ಮಾತು ನಮಗೆ ಕಹಿಯೆನಿಸಿತು, ಸುಳ್ಳೆನ್ನುವ ಧೈರ್ಯ ಬರಲಿಲ್ಲ. ಲಕ್ವ ಹೊಡೆದವರಿಗೆ ಮೊದಲ ಮೂರು ತಿಂಗಳ ವ್ಯಾಯಾಮವೇ ಮುಖ್ಯವೆಂದು ಫಿಸಿಯೋಥೆರಪಿ ಬಲ್ಲವರು ಹೇಳುತ್ತಾರೆ. ಆ ತಿಂಗಳುಗಳು ನಮ್ಮ ಹಳ್ಳಿಗಳಲ್ಲಿ ಬಸ್ಸು ಕಾಯುವುದರಲ್ಲೇ ಕಳೆದುಹೋಗುತ್ತವೆ. ದಾದಿಯೊಬ್ಬರ ಮಾತು ಸರಳವಾಗಿತ್ತು: "ಫಾದರ್, ಕಟ್ಟಡ ಬೇಡ. ಕಲಿತ ನಾಲ್ಕು ಕೈಗಳು ಬೇಕು." ನಮ್ಮ ಒಲವು ಈ ದಾದಿಯ ಕಡೆಗೇ.

ಸರ್ಕಾರ ಸುಮ್ಮನೆ ಕುಳಿತಿಲ್ಲ. 2010ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ ಹತ್ತು ಹಾಸಿಗೆಗಳ ವಾರ್ಡು, ಹಾಸಿಗೆ ಹಿಡಿದವರಿಗೆ ಮನೆಭೇಟಿ ಎಲ್ಲವೂ ಸೇರಿವೆ. ಕೇಳಿ ಪಡೆಯುವವರು ನಾವಾಗಬೇಕು.

ಅಭ್ಯಂಗ ಸಂಸ್ಕಾರವು ಸಾವಿನಂಚಿನಲ್ಲಿರುವವರಿಗೆ ಮಾತ್ರವಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿತು. ಆದರೂ ನಮ್ಮನ್ನು ಕರೆಯುವುದು ಕೊನೆಯ ಗಳಿಗೆಯಲ್ಲೇ. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ತಿಳಿಸಿರಿ.

ಶತಮಾನೋತ್ಸವ ನಿಧಿಯಿಂದ ಗಂಟೆಗೋಪುರ ಎತ್ತರಿಸಬೇಕೆಂಬ ಸಲಹೆ ಬಂದಿದೆ. ಗೋಪುರ ಇನ್ನೂ ಗಟ್ಟಿಯಾಗಿಯೇ ಇದೆ. ಆ ಹಣದಲ್ಲಿ ಎರಡು ಗಾಳಿ ಹಾಸಿಗೆ, ಮೂರು ವಾಕರ್, ಒಂದು ಗಾಲಿಕುರ್ಚಿ ಕೊಂಡು, ಜಾತಿಮತ ನೋಡದೆ ಬೇಕಾದವರಿಗೆ ಎರವಲು ಕೊಡೋಣವೆಂಬುದು ನಮ್ಮ ವಿನಂತಿ. ಮಗ್ಗುಲು ಬದಲಿಸುವುದನ್ನೂ, ಕೂರಿಸಿ ಉಣಿಸುವುದನ್ನೂ ಕಲಿಸಲು ಆ ದಾದಿ ಒಪ್ಪಿದ್ದಾರೆ. ಕಲಿಯಲಿಚ್ಛಿಸುವವರು, ಗಂಡಸರೂ ಸಹ, ಬರುವ ಭಾನುವಾರ ಪೂಜೆಯ ಬಳಿಕ ಹೆಸರು ಬರೆಸಿರಿ.