ಊರು ಬೆಳೆದಾಗ ಹೊಲದ ಗತಿ

ಊರು ಬೆಳೆಯುತ್ತದೆ, ನೆಲ ಬೆಳೆಯುವುದಿಲ್ಲ. ಇದು ಎಲ್ಲರಿಗೂ ತಿಳಿದ ಮಾತು. ಆದರೂ ಊರು ಬೆಳೆಯುವ ಭರದಲ್ಲಿ ನಾವು ಮೊದಲು ಮರೆಯುವುದು ಇದನ್ನೇ. ಮನೆ ಕಟ್ಟುವವನಿಗೆ ನಿವೇಶನ ಬೇಕು. ರೈತನಿಗೆ ಹೊಲ ಬೇಕು. ರಸ್ತೆಗೆ, ಶಾಲೆಗೆ, ಕೆರೆಗೆ, ತೋಪಿಗೆ ಜಾಗ ಬೇಕು. ಇರುವ ನೆಲವಾದರೋ ಅಷ್ಟೇ. ಯಾವ ನೆಲ ಯಾವುದಕ್ಕೆ ಎಂದು ಗೊತ್ತುಮಾಡತಕ್ಕವರು ಯಾರು? ಹಾಗೆ ಗೊತ್ತುಮಾಡಿದಾಗ ನಷ್ಟಕ್ಕೆ ಗುರಿಯಾದವನಿಗೆ ಏನು ಕೊಡಬೇಕು? ಈ ಎರಡು ಪ್ರಶ್ನೆಗಳಿಗೆ ಅಮೆರಿಕದ ಒಂದು ಕೌಂಟಿ ಕಂಡುಕೊಂಡ ಉತ್ತರವನ್ನು ಈ ಹೊತ್ತು ನೋಡೋಣ.

ಕೌಂಟಿ ಎಂಬುದು ರಾಜ್ಯಕ್ಕಿಂತ ಚಿಕ್ಕದು, ಊರಿಗಿಂತ ದೊಡ್ಡದು. ನಮ್ಮ ಜಿಲ್ಲೆಯನ್ನು ಮನಸ್ಸಿಗೆ ತಂದುಕೊಂಡರೆ ಅದರ ಕಲ್ಪನೆ ಬರುತ್ತದೆ. ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿ ರಾಜಧಾನಿ ವಾಷಿಂಗ್ಟನ್ ನಗರಕ್ಕೆ ಅಂಟಿಕೊಂಡು, ಅದರ ವಾಯವ್ಯಕ್ಕೆ ಹರಡಿಕೊಂಡಿದೆ. 1950ರಲ್ಲಿ ಅಲ್ಲಿನ ಜನಸಂಖ್ಯೆ 1,64,401. ಹತ್ತೇ ವರ್ಷದಲ್ಲಿ, 1960ರ ಹೊತ್ತಿಗೆ, ಅದು 3,40,928ಕ್ಕೆ ಏರಿತು. 2020ರ ಜನಗಣತಿಯಲ್ಲಿ 10,62,061. ರಾಜಧಾನಿಯಲ್ಲಿ ಉದ್ಯೋಗ, ಹೊರಗೆ ಮನೆ, ನಡುವೆ ಮೋಟಾರು. ಇದು ಆ ಬೆಳವಣಿಗೆಯ ಗುಟ್ಟು.

ಈ ಬೆಳವಣಿಗೆಗೆ ಕಡಿವಾಣ ಹಿಡಿಯುವ ಕೆಲಸ 1927ರಷ್ಟು ಹಿಂದೆಯೇ ಆರಂಭವಾಯಿತು. ಆ ವರ್ಷ ರಾಜ್ಯದ ಶಾಸನಸಭೆ ಈ ಕೌಂಟಿಗೂ ನೆರೆಯ ಪ್ರಿನ್ಸ್ ಜಾರ್ಜಸ್ ಕೌಂಟಿಗೂ ಸೇರಿಸಿ ಉದ್ಯಾನ ಮತ್ತು ಯೋಜನಾ ಆಯೋಗವೊಂದನ್ನು ಸ್ಥಾಪಿಸಿತು. ಮಾಂಟ್ಗೊಮರಿಯ ಪಾಲಿಗೆ ಐವರು ಸದಸ್ಯರ ಒಂದು ಯೋಜನಾ ಮಂಡಲಿಯುಂಟು. ಅವರನ್ನು ನೇಮಿಸುವುದು ಜನರು ಚುನಾಯಿಸಿದ ಕೌಂಟಿ ಪರಿಷತ್ತು. ಐವರಲ್ಲಿ ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚಿರಕೂಡದು.

ಕೆಲಸ ನಡೆಯುವುದು ಮೂರು ಹಂತಗಳಲ್ಲಿ. ಮೊದಲನೆಯದು ಯೋಜನೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ರಸ್ತೆ ಎಂಬುದರ ಕರಡನ್ನು ಮಂಡಲಿಯ ಸಿಬ್ಬಂದಿ ಬರೆಯುತ್ತಾರೆ. ಬಹಿರಂಗ ವಿಚಾರಣೆಯಲ್ಲಿ ಯಾರು ಬೇಕಾದರೂ ಎದ್ದು ಮಾತನಾಡಬಹುದು. ಬಳಿಕ ಪರಿಷತ್ತು ಅದನ್ನು ಒಪ್ಪಬೇಕು. ಎರಡನೆಯದು ವಲಯ ವಿಂಗಡಣೆ. ಯೋಜನೆ ಬರಿಯ ಸಲಹೆ, ವಲಯ ಕಾನೂನು. ಅದನ್ನು ವಿಧಿಸುವ ಅಧಿಕಾರ ಪರಿಷತ್ತಿನದು. ಮೂರನೆಯದು ಅರ್ಜಿಗಳ ತೀರ್ಮಾನ. ನೆಲವನ್ನು ನಿವೇಶನಗಳಾಗಿ ಒಡೆಯಬೇಕೆನ್ನುವವನು ನಕ್ಷೆ ಹಿಡಿದು ಮಂಡಲಿಯ ಮುಂದೆ ಬರಬೇಕು. ಹೊಸ ಮನೆಗಳ ಭಾರವನ್ನು ರಸ್ತೆ, ಶಾಲೆ, ನೀರು ತಾಳಬಲ್ಲವೇ ಎಂದು ನೋಡಿಯೇ ಒಪ್ಪಿಗೆ ಕೊಡಬೇಕೆಂದು 1973ರಲ್ಲಿ ಶಾಸನವಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಊರಿಗೂ ಅನ್ವಯಿಸಿದಂತಾಯಿತು.

ಇನ್ನು ಹೊಲದ ಮಾತಿಗೆ ಬರೋಣ. 1964ರಲ್ಲಿ ಈ ಕೌಂಟಿ ಒಂದು ದೊಡ್ಡ ಯೋಜನೆಯನ್ನು ಒಪ್ಪಿತು. ಅದನ್ನು ತಿಳಿಯಲು ನಕ್ಷೆ ಬೇಡ, ನಿಮ್ಮ ಕೈಯೇ ಸಾಕು. ಅಂಗೈ ಚಾಚಿ ಬೆರಳುಗಳನ್ನು ಅಗಲಿಸಿ ಹಿಡಿಯಿರಿ. ಅಂಗೈ ವಾಷಿಂಗ್ಟನ್ ನಗರ. ಹೆದ್ದಾರಿ, ರೈಲುದಾರಿಗಳ ಗುಂಟ ಬೆಳೆಯುವ ಊರುಗಳು ಬೆರಳುಗಳು. ಬೆರಳುಗಳ ನಡುವಣ ಸಂದು ಹೊಲ, ಕಾಡು, ಹಳ್ಳಕೊಳ್ಳ. ಊರು ಬೆರಳಿನುದ್ದಕ್ಕೆ ಬೆಳೆಯಲಿ, ಸಂದು ಹಸಿರಾಗಿಯೇ ಉಳಿಯಲಿ ಎಂಬುದು ಯೋಜನೆಯ ತಿರುಳು.

ನಕ್ಷೆಯ ಮೇಲೆ ಗೆರೆ ಎಳೆಯುವುದು ಸುಲಭ. ಗೆರೆಯ ಆಚೆ ಹೊಲವಿದ್ದವನು ಸುಮ್ಮನಿದ್ದಾನೆಯೇ? ಈಚೆಯವನ ನೆಲಕ್ಕೆ ಬಂಗಾರದ ಬೆಲೆ. ತನ್ನ ನೆಲಕ್ಕೆ ಜೋಳದ ಬೆಲೆ. ರೈತನಿಗೆ ಹೊಲವೇ ಬ್ಯಾಂಕು, ಹೊಲವೇ ಮುಪ್ಪಿನ ಆಸರೆ, ಮಕ್ಕಳ ಓದಿಗೂ ಅದೇ ಆಧಾರ. 1973ರಲ್ಲಿ ಗ್ರಾಮಾಂತರ ವಲಯದಲ್ಲಿ ಐದು ಎಕರೆಗೆ ಒಂದೇ ಮನೆ ಎಂಬ ನಿಯಮ ಬಂತು. ಹೊಲ ಉಳಿಯಲೆಂದು ಮಾಡಿದ ನಿಯಮವೇ ಹೊಲವನ್ನು ಚೂರುಮಾಡತೊಡಗಿತು. ಉಳ್ಳವರು ಐದೈದು ಎಕರೆ ಕೊಂಡು ಬಂಗಲೆ ಕಟ್ಟಿಸಿದರು. ಐದು ಎಕರೆ ಅಲ್ಲಿನ ಬೇಸಾಯಕ್ಕೆ ತೀರ ಚಿಕ್ಕದು, ಮನೆಯ ಅಂಗಳಕ್ಕೆ ತೀರ ದೊಡ್ಡದು.

ಆಗ, 1980ರಲ್ಲಿ, ರಾಯ್ಸ್ ಹ್ಯಾನ್ಸನ್ ಅವರು ಮಂಡಲಿಯ ಅಧ್ಯಕ್ಷರಾಗಿದ್ದಾಗ, ಹೊಸದೊಂದು ಏರ್ಪಾಡು ಬಂತು. ಕೌಂಟಿಯ ಸುಮಾರು ಮೂರನೆಯ ಒಂದು ಪಾಲನ್ನು, ಎಂದರೆ 93,000 ಎಕರೆಯಷ್ಟನ್ನು, ಕೃಷಿಗೆ ಮೀಸಲೆಂದು ಗೊತ್ತುಮಾಡಿದರು. ಅದರ ಬಹುಭಾಗದಲ್ಲಿ 25 ಎಕರೆಗೆ ಒಂದೇ ಮನೆ. ಆದರೆ ರೈತನಿಂದ ಕಿತ್ತುಕೊಂಡುದನ್ನು ಇನ್ನೊಂದು ಕೈಯಿಂದ ಹಿಂದಿರುಗಿಸುವ ದಾರಿಯನ್ನೂ ಹುಡುಕಿದರು. ಐದು ಎಕರೆಗೆ ಒಂದರಂತೆ ಮನೆ ಕಟ್ಟುವ ಹಕ್ಕು ಅವನಲ್ಲೇ ಉಳಿಯಿತು. ಆ ಹಕ್ಕುಗಳನ್ನೆಲ್ಲ ಅವನು ತನ್ನ ಹೊಲದಲ್ಲೇ ಬಳಸುವಂತಿಲ್ಲ; ಬೆರಳುಗಳ ಮೇಲಿನ ಊರುಗಳಲ್ಲಿ ಮನೆ ಕಟ್ಟುವವರಿಗೆ ಮಾರಬಹುದು.

ಲೆಕ್ಕ ಹೀಗೆ. 100 ಎಕರೆಯ ರೈತನಿಗೆ 20 ಹಕ್ಕುಗಳು. ಅವನ ಹೊಲದಲ್ಲಿ ಹೆಚ್ಚೆಂದರೆ ನಾಲ್ಕು ಮನೆ. ಅದಕ್ಕೆ ನಾಲ್ಕು ಹಕ್ಕು ಉಳಿಸಿಕೊಂಡರೆ ಮಿಕ್ಕ ಹದಿನಾರನ್ನು ಮಾರಬಹುದು. ಕೊಂಡವನು ಪೇಟೆಯಲ್ಲಿ ಸಾಮಾನ್ಯ ಮಿತಿಗಿಂತ ಹೆಚ್ಚು ಮನೆ ಕಟ್ಟಿಕೊಳ್ಳುತ್ತಾನೆ. ಮಾರಿದ ಹಕ್ಕಿಗೆ ತಕ್ಕಂತೆ ಹೊಲದ ಮೇಲಿನ ನಿರ್ಬಂಧ ನೆಲದ ದಾಖಲೆಗೆ ಸೇರುತ್ತದೆ. ಹೊಲ ಯಾರ ಕೈಗೆ ಹೋದರೂ ನಿರ್ಬಂಧ ಅದರ ಜೊತೆಗೇ ಹೋಗುತ್ತದೆ. ಹೀಗೆ 50,000 ಎಕರೆಗೂ ಹೆಚ್ಚು ಭೂಮಿಗೆ ರಕ್ಷಣೆ ದೊರಕಿತು. ಅದಕ್ಕೆ ಹಣ ಕೊಟ್ಟವರು ಬೊಕ್ಕಸದವರಲ್ಲ, ಊರಿನಲ್ಲಿ ಮನೆ ಕಟ್ಟಿದವರು.

ಈ ಹಕ್ಕಿನ ಹೆಸರನ್ನು ಬೆಂಗಳೂರಿನವರು ಕೇಳಿಯೇ ಇರುತ್ತಾರೆ. ರಸ್ತೆ ಅಗಲಮಾಡಲು ಜಾಗ ಬಿಟ್ಟುಕೊಟ್ಟವರಿಗೆ ಹಣದ ಬದಲು ಅಭಿವೃದ್ಧಿ ಹಕ್ಕಿನ ಪತ್ರ ಕೊಡುವ ಪದ್ಧತಿ ನಮ್ಮಲ್ಲಿಯೂ ಬಂದಿದೆ. ಅಲ್ಲಿ ಹೊಲವನ್ನು ಉಳಿಸಲು ಬಂದ ಉಪಾಯ ಇಲ್ಲಿ ರಸ್ತೆಗೆ ಒದಗಿತು. ಉಪಕರಣ ಒಂದೇ, ಉದ್ದೇಶ ಬೇರೆ.

ಏರ್ಪಾಡಿಗೆ ಎಡರುಗಳು ಇಲ್ಲದಿರಲಿಲ್ಲ. ಹಕ್ಕುಗಳನ್ನು ಕೊಂಡು ಹೆಚ್ಚು ಮನೆ ಕಟ್ಟುವ ಬಡಾವಣೆಗಳ ಜನ, ರೈತನ ಹಸಿರಿಗೆ ನಮ್ಮ ಮನೆಯ ಮುಂದೆ ಸಂದಣಿಯೇಕೆ ಎಂದು ಕೇಳಿದರು. ನಾಗರಿಕರ ಸಂಘವೊಂದು ನ್ಯಾಯಾಲಯಕ್ಕೆ ಹೋಯಿತು. ಎಲ್ಲಿ ಎಷ್ಟು ಹೆಚ್ಚು ಮನೆ ಎಂಬುದನ್ನು ಬರಿಯ ಯೋಜನೆಯಲ್ಲಿ ಬರೆದರೆ ಸಾಲದು, ಪರಿಷತ್ತು ವಲಯದ ಕಾನೂನಿನ ಮೂಲಕವೇ ವಿಧಿಸಬೇಕು ಎಂದು ರಾಜ್ಯದ ಉಚ್ಚತಮ ನ್ಯಾಯಾಲಯ 1987ರಲ್ಲಿ ತೀರ್ಪಿತ್ತಿತು. ಕೌಂಟಿ ತನ್ನ ಕಾನೂನನ್ನು ತಿದ್ದಿಕೊಂಡಿತು. ನೆಲದ ಮಿತಿಯಿಂದ ಮನೆಯ ಬೆಲೆ ಏರುವ ಭಯವೂ ಇತ್ತು. ದೊಡ್ಡ ಬಡಾವಣೆ ಕಟ್ಟುವವರು ಮನೆಗಳಲ್ಲಿ ಒಂದು ಪಾಲನ್ನು ಸಾಧಾರಣ ವರಮಾನದವರಿಗೆ ಮೀಸಲಿಡಬೇಕೆಂದು 1974ರಲ್ಲೇ ಶಾಸನ ಮಾಡಿದ್ದರು. ಆದರೂ ಮನೆಯ ಬೆಲೆಯ ಚಿಂತೆ ಅಲ್ಲಿ ತೀರಿಲ್ಲ.

ಇನ್ನೊಂದು ಪಾಠ ಕ್ಲಾರ್ಕ್ಸ್‌ಬರ್ಗ್ ಎಂಬಲ್ಲಿ ದೊರೆಯಿತು. ಅಲ್ಲಿ ಕಟ್ಟಿದ ಹೊಸ ಪೇಟೆಯ ನಿವಾಸಿಗಳು 2005ರಲ್ಲಿ ಹಳೆಯ ಕಡತಗಳನ್ನು ತೆಗೆಸಿ ಓದಿದರು. ಎಷ್ಟೋ ಮನೆಗಳು ಒಪ್ಪಿಗೆಯಾದ ಎತ್ತರಕ್ಕಿಂತ ಎತ್ತರ. ರಸ್ತೆಯಿಂದ ಬಿಡಬೇಕಾದಷ್ಟು ಜಾಗ ಬಿಟ್ಟಿರಲಿಲ್ಲ. ಮಂಡಲಿ ಮೊದಲು ದೂರನ್ನು ತಳ್ಳಿಹಾಕಿ, ಕೆಲವು ತಿಂಗಳ ಮೇಲೆ ಉಲ್ಲಂಘನೆಯಾದದ್ದು ನಿಜವೆಂದು ಒಪ್ಪಿತು. ನಕ್ಷೆಗೆ ಒಪ್ಪಿಗೆ ಕೊಡುವುದು ಒಂದು ಕಚೇರಿ, ಕಟ್ಟಡಕ್ಕೆ ಪರವಾನಗಿ ಕೊಡುವುದು ಇನ್ನೊಂದು ಕಚೇರಿ. ಇಬ್ಬರು ಕಾವಲುಗಾರರಿದ್ದರೂ ಹೊಲಕ್ಕೆ ದನ ನುಗ್ಗಿತು. ಕಾದವರು ಕೊನೆಗೆ ಆ ಊರಿನ ಗೃಹಸ್ಥರೇ.

ಗೆರೆಯನ್ನು ಶಾಸನದ ಬಲ ಎಳೆಯಬಹುದು. ಅದು ನಿಲ್ಲಬೇಕಾದರೆ ನ್ಯಾಯವೂ ಬೇಕು, ಎಚ್ಚರವೂ ಬೇಕು. ಎಲ್ಲರ ಹಿತಕ್ಕಾಗಿ ಒಬ್ಬನ ಹೊಲವನ್ನು ಹೊಲವಾಗಿಯೇ ಇಡಿಸುವುದಾದರೆ, ಅವನ ನಷ್ಟದಲ್ಲಿ ಎಲ್ಲರಿಗೂ ಪಾಲಿರಬೇಕು. ಈ ಪಾಲನ್ನು ಲೆಕ್ಕ ಹಾಕಿ ಕೊಡಲು ಹೊರಟದ್ದೇ ಆ ಕೌಂಟಿಯ ಹಿರಿಮೆ. ಅಂದು ಮೀಸಲಾದ ನೆಲದಲ್ಲಿ ಇಂದಿಗೂ ಜೋಳ, ಸೋಯಾ ಅವರೆ, ಕುದುರೆಯ ಹುಲ್ಲು ಬೆಳೆಯುತ್ತಿವೆ. ಅಲ್ಲಿಂದ ವಾಷಿಂಗ್ಟನ್ ನಗರಕ್ಕೆ ಮೋಟಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ.